ಹೆಪ್ಪು

ಮೊದಲ ದಿನ ಟ್ಯಾಂಕರಿನಲ್ಲಿ ಕರಿ ಕೆಸರು ಬಂತು,
ಬೇರೆ ಯಾವುದೋ ಊರಿನ ತೊಟ್ಟಿಯ ಹೊಟ್ಟೆಯಿಂದ.
ಎಂಜಿನಿಯರ್ ಮೇಡಂ ಉದ್ದನೆಯ ಹೆಸರು ಹೇಳಿದರು.
ನಾನು ಬರೆದುಕೊಂಡದ್ದು ಎರಡಕ್ಷರ: ಹೆಪ್ಪು.

ಪಕ್ಕದ ಮನೆಯಿಂದ ಒಂದು ಚಮಚ ಕಡ ತಂದು
ಉಗುರುಬೆಚ್ಚನೆ ಹಾಲಿಗೆ ಬೆರೆಸಿ,
ಮುಚ್ಚಿ, ಅಲುಗಿಸದೆ ಕಾಯುವುದು
ನಮ್ಮವ್ವನಿಗೆ ಗೊತ್ತಿದ್ದ ವಿದ್ಯೆ.
ಇಲ್ಲಿ ಹಾಲಿನ ಜಾಗಕ್ಕೆ ರಾಯಚೂರಿನ ಗಟಾರ:
ಮಿಂದ ನೀರು, ಮುಸುರೆ ನೀರು,
ಯಾರೂ ಹೆಸರು ಹೇಳದ ನೀರು.
ಮೂರು ತಿಂಗಳು ಕಾದೆವು.

ಗಾಳಿ ಸೋಕಬಾರದು ಇವಕ್ಕೆ.
ನಮಗೆ ಉಸಿರಾದದ್ದು ಇವಕ್ಕೆ ವಿಷ.
ಕತ್ತಲಲ್ಲಿ, ಬಿಸಿಯಲ್ಲಿ, ಮೆಲ್ಲಗೆ ತಿನ್ನುತ್ತವೆ.
ಚಳಿ ದೇಶದಲ್ಲಿ ತೊಟ್ಟಿ ಕಾಯಿಸಲು ದುಡ್ಡು ಸುರಿಯುತ್ತಾರಂತೆ.
ಎಲೆಕ್ಟ್ರಿಷಿಯನ್ ಖಾಜಾಸಾಬ್ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಹಿಂಡುತ್ತ ಅಂದ:
‘ನಮ್ಮೂರ ಬಿಸಿಲಿಗೂ ಕೊನೆಗೊಂದು ನೌಕರಿ ಸಿಕ್ತು ನೋಡವ್ವಾ.’

ಎರಡನೆಯ ತೊಟ್ಟಿಯಲ್ಲಿ ಶಾವಿಗೆ ಇಳಿಬಿಟ್ಟ ಹಾಗೆ
ಸಾವಿರಾರು ಬಿಳಿಯ ಎಳೆ, ಒಳಗೆ ಟೊಳ್ಳು.
ನೀರು ದಾಟುತ್ತದೆ. ಹೆಪ್ಪು ಈಚೆಗೇ ಉಳಿಯುತ್ತದೆ.
ದಿನ ಕಳೆದಂತೆ ಎಳೆಗೆ ಜಿಡ್ಡು ಹತ್ತಿ
ಒತ್ತಡದ ಮುಳ್ಳು ಏರುತ್ತದೆ,
ಬಾಯಿಬಿಟ್ಟು ಹೇಳದ ಹೆಂಗಸಿಗೆ ಬಿ.ಪಿ. ಏರುವಂತೆ.
ಆಗ ಅದರದೇ ಗ್ಯಾಸನ್ನು ಕೆಳಗಿನಿಂದ ಗುಳ್ಳೆಯಾಗಿ ಬಿಟ್ಟು
ಬೆನ್ನು ಉಜ್ಜಿಸುತ್ತೇನೆ.
ಅದಕ್ಕೂ ಬಗ್ಗದಿದ್ದರೆ ಬ್ಲೀಚಿನ ಸ್ನಾನ.
ಮುಳ್ಳು ಇಳಿಯುತ್ತದೆ. ಪೂರ್ತಿ ಇಳಿಯುವುದಿಲ್ಲ.

ಒಂದು ಸಂಜೆ ಹುಸೇನಪ್ಪ ಮಾಮ ನೋಡಲಿಕ್ಕೆ ಬಂದ.
ಗೇಟಿನಲ್ಲೇ ಚಪ್ಪಲಿ ಬಿಟ್ಟ; ಬೇಡ ಅಂದರೂ ಬಿಟ್ಟ.
ಮುಚ್ಚಳದ ಹತ್ತಿರ ಬಂದವನು ಎರಡು ಹೆಜ್ಜೆ ಹಿಂದೆ ಸರಿದು
ಸುತ್ತ ನೆಲ ಹುಡುಕಿದ.
‘ಜೊಂಡಿಗ ಬರ್ತಾವೇನು?’

ಅದು ಅವರ ಕಾಲದ ಮೀಟರು.
ಮುಚ್ಚಳ ಎತ್ತಿ ಒಂದು ಬೀಡಿ ಸೇದುವಷ್ಟು ಹೊತ್ತು ನಿಲ್ಲುವುದು,
ಜೊಂಡಿಗ ಜೀವಂತ ಓಡಿಬಂದರೆ ಇಳಿಯುವುದು.
ತೀನ್ ಕಂದೀಲಿನ ಹತ್ತಿರ ಆ ಬೆಳಗಿನಲ್ಲಿ
ಜೊಂಡಿಗ ಬಂದಿದ್ದವು.
ಮೊದಲು ತಾಯಪ್ಪ ಇಳಿದ.
ಹಗ್ಗ ಎಳೆದವನು, ಆಮೇಲೆ ತಾನೂ ಇಳಿದವನು, ಈ ಮಾಮ.
ಕೊಳೆತ ಮೊಟ್ಟೆಯ ವಾಸನೆ ಒಂದು ಗಳಿಗೆ ಇತ್ತು,
ಆಮೇಲೆ ಇರಲಿಲ್ಲ. ಅವತ್ತಿನಿಂದ ಅವನಿಗೆ
ಮಲ್ಲಿಗೆಯೂ ಇಲ್ಲ, ಒಗ್ಗರಣೆಯೂ ಇಲ್ಲ.
ತಾಯಪ್ಪನ ಕಾಗದದಲ್ಲಿ, ಷರಾ ಎಂಬ ಕಡೆಯ ಕಾಲಂನಲ್ಲಿ
ಯಾರೋ ದುಂಡಗೆ ಬರೆದಿದ್ದರು: ಕಾಲು ಜಾರಿ.

‘ಇದು ಅದೇ ಗ್ಯಾಸೇನು?’
‘ಅದೇ ಮನೆತನ, ಮಾಮ. ಕೆಟ್ಟ ಅಣ್ಣನನ್ನು
ಆ ಡ್ರಮ್ಮಿನ ಕಬ್ಬಿಣದ ಚೂರಿನಲ್ಲಿ ಹಿಡಿದಿಟ್ಟು
ತಮ್ಮನನ್ನು ಒಲೆಗೆ ಬಿಟ್ಟಿದ್ದೇವೆ.’
ಅವನು ಡ್ರಮ್ಮನ್ನು ಬಹಳ ಹೊತ್ತು ನೋಡಿದ.
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ,
ಬಾಗಿಲು ತಟ್ಟುವ ಹಾಗೆ.

ನೀರನ್ನು ಗಾಜಿನ ಲೋಟದಲ್ಲಿ ತೋರಿಸಿದೆ.
ತಿಳಿ. ಆದರೆ ಕುಡಿಯಲಿಕ್ಕಲ್ಲ;
ಹೊಲಕ್ಕೆ ಬೇಕಾದ ಸಾರ ಅದರಲ್ಲಿ ಹಾಗೇ ಇದೆ,
ಕಾಲುವೆಯಾಚೆಯ ಹತ್ತಿಗೆ ಗೊತ್ತು ಅದರ ರುಚಿ.
ಒಂದಿಷ್ಟು ಗ್ಯಾಸೂ ನೀರಿನಲ್ಲೇ ಕರಗಿ
ನಮ್ಮ ಕೈತಪ್ಪಿ ಹೋಗುತ್ತದೆ.
ಎಲ್ಲವನ್ನೂ ಹಿಡಿದೆವು ಎಂದು ಮೇಡಂ ಕೂಡ ಹೇಳುವುದಿಲ್ಲ.
ಮಾಮ ಲೋಟವನ್ನು ಮೂಗಿನ ಹತ್ತಿರ ಹಿಡಿದ.
ಅಭ್ಯಾಸ.

ಒಲೆ ಹಚ್ಚಿದೆ. ನೀಲಿ, ಸದ್ದಿಲ್ಲದ ಉರಿ.
ಖಾಜಾಸಾಬ್ ಡ್ಯೂಟಿ ಮುಗಿಸಿ ಹೋಗಿದ್ದ;
ಇದ್ದವರು ನಾವಿಬ್ಬರೇ.
ಸಕ್ಕರೆ ಎಷ್ಟು ಅಂತ ಕೇಳಿದರೆ
ಉರಿಯಿಂದ ಕಣ್ಣು ತೆಗೆಯದೆ ಅಂದ,
‘ಮೂರು ಕಪ್ ಇಡು.’

ಮೂರನೆಯದು ಮುಚ್ಚಳದ ಪಕ್ಕದ ಕಟ್ಟೆಯ ಮೇಲೆ
ಕೆನೆಗಟ್ಟುತ್ತ ಆರಿತು.

ರಾತ್ರಿ ಹತ್ತಕ್ಕೆ ರಿಜಿಸ್ಟರ್ ತುಂಬಿದೆ:
ಒತ್ತಡ, ತಾಪ, ಗ್ಯಾಸಿನ ಅಳತೆ, ಎಲ್ಲ ಸರಿ.
ಷರಾ ಖಾಲಿ ಬಿಡುವುದು ರೂಢಿ.
ಪೆನ್ನು ಅಲ್ಲಿ ಸ್ವಲ್ಪ ನಿಂತಿತು.
ಬರೆದೆ: ಚಹಾ, ಮೂರು.